ಟ್ರಾಲಿಯ ಹಿಂದಿನ ಸಮುದ್ರ, ನನ್ನ ಬಲಗೈ

ಗಂಗಾವತಿ ಕಡೆಯ ರಸ್ತೆಯಲ್ಲಿ ಭತ್ತ ತುಂಬಿದ ಟ್ರಾಲಿಯ ಹಿಂದೆ ಸಿಕ್ಕಿಕೊಂಡು, ಹಾರ್ನ್ ಹೊಡೆದು ಸಾಕಾಗಿ, ಟ್ರ್ಯಾಕ್ಟರಿನವನನ್ನು ಬೈದುಕೊಂಡವರಿಗೆಲ್ಲ ನನ್ನ ಕೆಲಸದ ಪರಿಚಯವಿದೆ. ಟ್ರಾಲಿಯ ಹಿಂಬಾಗಿಲಿನ ನಡುವೆ ಎರಡು ರೊಟ್ಟಿ ಜೋಡಿಸಿಟ್ಟಷ್ಟು ಜಾಗದಲ್ಲಿ ಒಂದು ಸಮುದ್ರವಿರುತ್ತದೆ. ದಂಡೆಯ ಮೇಲೆ ಕೆಂಪು ಹೆಂಚಿನ ಪುಟ್ಟ ಮನೆ, ಮನೆಯ ಮುಂದೆ ಬೇಸಿಗೆಯ ಹೂದೋಟ, ಬಾಗಿದ ಎರಡು ತೆಂಗಿನ ಮರ, ದೂರದಲ್ಲಿ ಒಂದು ದೋಣಿ. ನಮ್ಮ ದಂಧೆಯಲ್ಲಿ ಇದಕ್ಕೆ ಸೀನರಿ ಎನ್ನುತ್ತಾರೆ. ಇಪ್ಪತ್ತೇಳು ವರ್ಷ ಇದನ್ನೇ ಬರೆದಿದ್ದೇನೆ. ಸಮುದ್ರ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ, ದೇವರ ಪಟ ಬರೆಯುವವರು ದೇವರನ್ನು ನೋಡಿದ್ದಾರಾ ಎಂದು ತಿರುಗಿ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಾನು ಸಮುದ್ರ ನೋಡಿಲ್ಲ.

ಈ ಬರಹವನ್ನು ಫೋನಿನಲ್ಲಿ ಎಡಗೈಯ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಬಲಗೈಗೆ ಏನಾಯಿತು ಎಂದು ಹೇಳುವುದಕ್ಕೇ ಇಷ್ಟು ಕಷ್ಟ ಪಡುತ್ತಿರುವುದು. ಬ್ರಷ್ ಹಿಡಿದು ಹೊಟ್ಟೆ ಹೊರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಕನ್ನಡಿ ಮುಂದೆ ನಿಂತು ತುಟಿ ಕೆಳಗೆಳೆದು ಒಸಡು ನೋಡಿಕೊಳ್ಳಿ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನನ್ನ ಹೆಸರು ದೇವೇಂದ್ರಪ್ಪ. ಅಳವಂಡಿ ಕಡೆಯವನು. ಅಪ್ಪನದು ಕಪ್ಪು ಮಣ್ಣಿನ ಎರಿ ಹೊಲ, ಜೋಳ ಕಡಲೆಯ ಬದುಕು. ನನಗೆ ಹೊಲಕ್ಕಿಂತ ಸಾಲೆಯ ಗೋಡೆ ಹಿತವಾಗಿತ್ತು. ಇದ್ದಿಲಿನಿಂದ ಅದರ ಮೇಲೆ ಎತ್ತು ಬರೆದು ಮಾಸ್ತರರಿಂದ ಏಟು ತಿಂದವನು. ಹದಿನೇಳು ತುಂಬಿದಾಗ ಗಂಗಾವತಿಗೆ ಹೋಗಿ ಖಾಸಿಂ ಉಸ್ತಾದರ ಕೈಕೆಳಗೆ ಸೇರಿಕೊಂಡೆ. ಆ ಕಾಲದಲ್ಲಿ ಕಾಲುವೆ ನೀರಿನ ಊರುಗಳ ಅರ್ಧ ಟ್ರಾಲಿಗಳ ಮೇಲೆ ಅವರದೇ ಸೀನರಿ ಇತ್ತು.

ಉಸ್ತಾದರು ಮೊದಲ ದಿನ ಕಲಿಸಿದ್ದು ಬಣ್ಣವನ್ನಲ್ಲ, ಬ್ರಷ್ಷಿನ ತುದಿಯನ್ನು. ದೋಣಿಯ ಹಾಯಿಗೆ, ತೆಂಗಿನ ಗರಿಗೆ, ತೋಟದ ಹೂವಿಗೆ ಎರಡು ಕೂದಲಿನಷ್ಟು ತೆಳು ತುದಿ ಬೇಕು. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ತಟ್ಟಿ, ತುಟಿಗಳ ನಡುವೆ ಇಟ್ಟು ಮೆಲ್ಲಗೆ ತಿರುವುತ್ತಾ ಎಳೆಯಬೇಕು. ಬಟ್ಟೆಯಲ್ಲಿ ಒರೆಸಿ ತುದಿ ಮಾಡುವವರನ್ನು ಕಂಡರೆ ಉಸ್ತಾದರಿಗೆ ನಗು. “ಸುಣ್ಣಾ ಹಚ್ಚೋರು ಅವ್ರು. ತುಟಿಗೆ ತಿಳಿಯೋದು ಬಟ್ಟಿಗೆ ತಿಳಿಯಂಗಿಲ್ಲ ದೇವು” ಎನ್ನುತ್ತಿದ್ದರು. ಮೊದಲ ವಾರ ಎಣ್ಣೆಬಣ್ಣದ ವಾಸನೆಗೆ ವಾಂತಿ ಬಂದಂತಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಎರಡು ವರ್ಷದಲ್ಲಿ ಹೇಗಾಯಿತೆಂದರೆ, ಬ್ರಷ್ ಬಾಯಿಗೆ ಹೋಗಿ ಬಂದದ್ದು ನನಗೇ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ಇನ್ನೂರು ಸಲವೋ ಮುನ್ನೂರು ಸಲವೋ, ಯಾರು ಎಣಿಸಿದ್ದಾರೆ?

ಇನ್ನೊಂದು ಹೆಮ್ಮೆ ನನಗಿತ್ತು. ಅಂಗಡಿ ಡಬ್ಬಿಯ ಹಳದಿ ನಮ್ಮ ಬಿಸಿಲಿಗೆ ಎರಡು ಬೇಸಿಗೆ ತಡೆಯುವುದಿಲ್ಲ, ಬೂದಿಯಾಗುತ್ತದೆ. ಉಸ್ತಾದರು ಬಿಡಿಯಾಗಿ ಸಿಗುವ ಹಳದಿ ಪುಡಿ ತಂದು ಅಗಸೆ ಎಣ್ಣೆಯಲ್ಲಿ ಅರೆಯುತ್ತಿದ್ದರು. ಹೆಂಚಿಗೆ ಸಿಂಧೂರ, ಹನುಮಪ್ಪನಿಗೆ ಹಚ್ಚುತ್ತಾರಲ್ಲ, ಅಂಥದ್ದೇ. ದೇವರ ಮೈಗೆ ಹಚ್ಚುವ ಪುಡಿಯನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಉಸ್ತಾದರು ತೀರಿಕೊಂಡ ಮೇಲೂ ನಾನು ಆ ಎರಡು ಬಣ್ಣಗಳನ್ನು ಬಿಡಲಿಲ್ಲ. ಭಾಗ್ಯನಗರದಲ್ಲಿ ಟ್ರಾಲಿ ಕಟ್ಟುವ ಗ್ಯಾರೇಜಿನ ಪಕ್ಕ ಒಂದು ತಗಡಿನ ಶೆಡ್ ಹಾಕಿಕೊಂಡು, ಹಿಂದಿನ ಕೋಣೆಗಳಲ್ಲಿ ಹೆಂಡತಿ ಶಾಂತಾಳೊಂದಿಗೆ ಸಂಸಾರ ಹೂಡಿದೆ. ನನ್ನ ತೋಟದ ಹಳದಿ ಹೂ ಹತ್ತು ವರ್ಷವಾದರೂ ಬಾಡುವುದಿಲ್ಲ ಎಂದು ಜನ ಹೇಳುತ್ತಿದ್ದರು. ಕೇಳಿ ಉಬ್ಬುತ್ತಿದ್ದೆ.

ಮೊದಲು ಬಂದದ್ದು ಹೊಟ್ಟೆನೋವು. ಹೊಕ್ಕುಳದ ಸುತ್ತ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ, ಅರ್ಧ ತಾಸು ಬಿಟ್ಟು, ಮತ್ತೆ ಹಿಂಡುತ್ತಿತ್ತು. ಹೊಟ್ಟೆ ಕಟ್ಟಿ ಐದಾರು ದಿನ ಹೊರಕಡೆಗೆ ಹೋಗಲಾಗುತ್ತಿರಲಿಲ್ಲ. ಬಾಯಲ್ಲಿ ಸದಾ ತಾಮ್ರದ ಚೊಂಬು ಕಚ್ಚಿದಂಥ ರುಚಿ. ಗ್ಯಾಸ್ ಎಂದರು, ಗುಳಿಗೆ ನುಂಗಿದೆ. ಹುಣ್ಣು ಎಂದರು, ಖಾರ ಬಿಟ್ಟೆ. ಕಲ್ಲು ಇರಬೇಕು ಎಂದರು, ಮೂರು ಲೀಟರ್ ನೀರು ಕುಡಿದು ಸ್ಕ್ಯಾನಿಂಗ್ ಕೋಣೆಯ ಹೊರಗೆ ತೊಡೆ ಬಿಗಿಹಿಡಿದು ಕೂತೆ. ನನ್ನ ಮುಂದೆ ಹನ್ನೊಂದು ಜನ, ಎಲ್ಲರೂ ಮೂರು ಲೀಟರ್ ಕುಡಿದವರು. ಯಾರೂ ಮಾತಾಡುತ್ತಿರಲಿಲ್ಲ, ನಕ್ಕರೆ ಅನಾಹುತವಾಗುತ್ತಿತ್ತು. ಕಲ್ಲು ಇರಲಿಲ್ಲ. ರಕ್ತ ಕಡಿಮೆ ಇದೆ ಎಂದು ಟಾನಿಕ್ ಬರೆದುಕೊಟ್ಟರು.

ಎಲ್ಲ ಡಾಕ್ಟರುಗಳೂ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿದರು.

“ಕುಡೀತೀರೇನ್ರಿ?”

“ಇಲ್ರಿ ಸಾಹೇಬ್ರ.”

ಅವರು ಶಾಂತಾಳ ಮುಖ ನೋಡುತ್ತಿದ್ದರು. ಶಾಂತಾ “ಇಲ್ರಿ, ದೇವರಾಣೆ ಇಲ್ರಿ” ಎನ್ನುತ್ತಿದ್ದಳು. ಅವಳು ಹಾಗೆ ಆಣೆ ಹಾಕಿದಷ್ಟೂ ಅವರಿಗೆ ಅನುಮಾನ ಹೆಚ್ಚಾಗುತ್ತಿತ್ತು. ನಾನು ಚಹಾ ಬಿಟ್ಟರೆ ಏನೂ ಮುಟ್ಟದವನು. ತಂಬಾಕು ಕೂಡ ಇಲ್ಲ, ಬ್ರಷ್ ಕಚ್ಚುವ ಬಾಯಲ್ಲಿ ತಂಬಾಕು ಇದ್ದರೆ ತುದಿ ಹಾಳಾಗುತ್ತದೆ ಎಂದು ಉಸ್ತಾದರು ಬಿಡಿಸಿದ್ದರು. ಆದರೂ ನೋವು ಬಂದಾಗ ಗೋಡೆ ಹಿಡಿದು ಬಗ್ಗಿ ನಡೆಯುವುದನ್ನು ನೋಡಿದ ಗ್ಯಾರೇಜಿನವರು ಗುಸುಗುಸು ಶುರುಮಾಡಿದರು. ಅದು ನನ್ನ ಕಿವಿಗೂ ಬಿತ್ತು. ಅವತ್ತು ನೋವಿಗಿಂತ ಸಿಟ್ಟು ಹೆಚ್ಚಾಗಿತ್ತು, ಆದರೆ ಸಿಟ್ಟು ಮಾಡಲೂ ಮೈಯಲ್ಲಿ ತ್ರಾಣವಿರಲಿಲ್ಲ.

ಶಾಂತಾ ಇನ್ನೊಂದನ್ನು ಕಂಡಿದ್ದಳು. “ಒಸಡಿನ ಅಂಚಿಗೆ ಕರ್ರಗ ಗೆರಿ ಕುಂತೈತಿ ನೋಡ್ರಿ. ಹಲ್ಲು ನೆಟ್ಟಗ ತಿಕ್ಕಬಾರ್ದ?” ಎಂದು ಹೊಸ ಹಲ್ಲುಪುಡಿ ತಂದಿಟ್ಟಳು. ನಾನು ತಿಕ್ಕಿದ್ದೇ ತಿಕ್ಕಿದ್ದು. ಗೆರೆ ಹೋಗಲಿಲ್ಲ. ರೋಗ ತನ್ನ ಗುರುತನ್ನು ನನ್ನ ಬಾಯಲ್ಲೇ ಗೀಚಿಟ್ಟಿತ್ತು, ನಾವಿಬ್ಬರೂ ಅದನ್ನು ತಿಕ್ಕಿ ತೆಗೆಯಲು ನೋಡುತ್ತಿದ್ದೆವು.

ಆ ವರ್ಷದ ಬೇಸಿಗೆಯಲ್ಲಿ ಶ್ರೀರಾಮನಗರದ ರಾಯರು ಹೊಸ ಟ್ರಾಲಿ ತಂದು ನಿಲ್ಲಿಸಿದರು. ಅವರ ಹಿರಿಯರು ಆಂಧ್ರದಿಂದ ಬಂದು ಭತ್ತ ಮಾಡಿದವರು. ರಾಯರು ಕನ್ನಡ ಮಾತಾಡುವಾಗ ನಡುನಡುವೆ ತೆಲುಗು ಇಣುಕುತ್ತದೆ. ಅವರ ಹಳೆಯ ಟ್ರಾಲಿಗೆ ಉಸ್ತಾದರು ಬರೆದಿದ್ದರು, ಅದರ ನಂತರದ್ದಕ್ಕೆ ನಾನು.

“ಏಮಯ್ಯಾ ದೇವಣ್ಣ, ಅದೇ ಮನೆ ಬೇಕು. ಹೂವು ಮಾತ್ರ ಜಾಸ್ತಿ ಹಾಕು” ಎಂದರು.

ಮೊದಲ ದಿನ ಆಕಾಶ, ಸಮುದ್ರ. ಎರಡನೆಯ ದಿನ ಮನೆಯ ಗೋಡೆ, ಕಿಟಕಿ, ತೋಟದ ಬೇಲಿ. ಮೂರನೆಯ ದಿನ ಹೂಗಳನ್ನು ಮುಗಿಸಿ, ಸಿಂಧೂರ ಅರೆದಿಟ್ಟು, ಹೆಂಚು ಹೊದಿಸಬೇಕು ಎಂದು ಬ್ರಷ್ ಎತ್ತಿದೆ. ಬ್ರಷ್ ಎದ್ದಿತು, ಕೈ ಏಳಲಿಲ್ಲ. ಎಂದರೆ ತೋಳು ಎದ್ದಿತು, ಮಣಿಕಟ್ಟಿನಿಂದ ಮುಂದೆ ಅಂಗೈ ಜೋತುಬಿತ್ತು. ನೋವಿಲ್ಲ, ಜೋಮಿಲ್ಲ. ಬೆರಳು ಮಡಚುತ್ತಿದ್ದವು, ಬಿಚ್ಚುತ್ತಿರಲಿಲ್ಲ. ಎಡಗೈಯಿಂದ ಎತ್ತಿ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಜೋತುಬೀಳುತ್ತಿತ್ತು. ಬಳಲಿಕೆ ಇರಬೇಕು ಎಂದು ಅರ್ಧ ತಾಸು ನೆರಳಿನಲ್ಲಿ ಕೂತೆ. ಮತ್ತೆ ಎತ್ತಿದೆ. ಅದು ಹಾಗೇ ಜೋತುಬಿತ್ತು. ಅಷ್ಟು ಹೆದರಿಕೆ ನಾನು ಅದುವರೆಗೆ ಕಂಡಿರಲಿಲ್ಲ.

ನೋಡಿದವರೆಲ್ಲ ಲಕ್ವಾ ಎಂದರು. ಲಕ್ವಾ ಎಂದ ಮೇಲೆ ಊರಿಗೊಂದು ಔಷಧ. ಎಣ್ಣೆ ತಿಕ್ಕಿಸಿಕೊಂಡೆ, ಪಥ್ಯ ಮಾಡಿದೆ, ಒಂದು ಕಡೆ ಕಿವಿಗೆ ರಸ ಹಿಂಡಿಸಿಕೊಂಡು ಎರಡು ದಿನ ಕಿವುಡನಾದೆ. ನನ್ನಕ್ಕ ಊರಿಂದ ಬಂದು ಕೈ ಹಿಡಿದುಕೊಂಡು ಅತ್ತಳು. ಅವಳು ಅಳುವಾಗ ಕೂಡ ಆ ಕೈ ಅವಳ ಮಡಿಲಲ್ಲಿ ಬೇರೆ ಯಾರದೋ ಸಾಮಾನಿನಂತೆ ಬಿದ್ದಿತ್ತು.

ಮನೆಯೊಳಗಿನ ಪಾಡು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅಂಗಿ ಗುಂಡಿ ಶಾಂತಾ ಹಾಕಬೇಕು. ಲುಂಗಿ ಅವಳು ಬಿಗಿಯಬೇಕು. ರೊಟ್ಟಿಯನ್ನು ಅವಳೇ ಮುರಿದು ಪಲ್ಯದಲ್ಲಿ ಅದ್ದಿಟ್ಟರೆ ನಾನು ಎಡಗೈಯಲ್ಲಿ ತಿನ್ನಬೇಕು. ಎಡಗೈಯಲ್ಲಿ ಊಟ ಮಾಡುವುದು ನಮ್ಮಲ್ಲಿ ಎಂಥ ಸಂಕಟ ಎಂದು ನಿಮಗೆ ಗೊತ್ತು. ಒಂದು ಮದುವೆಗೆ ಹೋಗಿ, ಪಂಕ್ತಿಯಲ್ಲಿ ಎಲೆ ಮುಂದೆ ಕೂತು, ಹಸಿವಿಲ್ಲ ಎಂದು ಎದ್ದುಬಂದೆ. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟೆ.

ರಾಯರ ಟ್ರಾಲಿ ಒಂದು ತಿಂಗಳು ಗ್ಯಾರೇಜಿನಲ್ಲೇ ನಿಂತಿತು. ಬೇರೆ ಪೇಂಟರಿಂದ ಹೆಂಚು ಹಾಕಿಸಿಕೊಂಡು ಹೋಗಿ ಎಂದು ನಾನೇ ಹೇಳಿದೆ. ರಾಯರು ನನ್ನ ಕೈ ನೋಡಿದರು, ಟ್ರಾಲಿ ನೋಡಿದರು.

“ಬೇರೆಯವ್ರು ಮುಟ್ಟೋದು ಬ್ಯಾಡಪ್ಪ. ಹಂಗೇ ಓಡಿಸ್ತೀನಿ. ನೀನು ಬಾಗಾ ಆರಾಮಾದ ಮ್ಯಾಲೆ ಹಾಕು” ಎಂದರು.

ಹಾಗೆ ಸೂರಿಲ್ಲದ ಆ ಮನೆ ಭತ್ತದ ಹಿಂದೆ ರಸ್ತೆಗೆ ಇಳಿಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತಿದ್ದೆ. ಇನ್ನು ಬರೆಯಲಾರೆ ಎಂದು ಅವತ್ತು ಖಾತ್ರಿಯಾಗಿತ್ತು. ನನಗೆ ಬೇರೆ ಕೆಲಸ ಬರುವುದಿಲ್ಲ. ಅಪ್ಪನ ಹೊಲ ಅಕ್ಕನ ಮಕ್ಕಳ ಕೈಯಲ್ಲಿದೆ, ನನ್ನ ಪಾಲಿಗಿದ್ದರೂ ಕುಂಟೆ ಹಿಡಿಯಲು ಕೈ ಬೇಕಲ್ಲ.

ಹುಬ್ಬಳ್ಳಿಗೆ ಹೋಗೋಣ ಎಂದವಳು ಶಾಂತಾ. ಮುಂಜಾನೆಯ ರೈಲು ಹಿಡಿದು ಹೋದೆವು. ದೊಡ್ಡ ಆಸ್ಪತ್ರೆ, ನರದ ವಿಭಾಗದ ಮುಂದೆ ಉದ್ದನೆಯ ಕಲ್ಲುಬೆಂಚು. ನಮ್ಮದು ಅರವತ್ತರ ಮೇಲಿನ ನಂಬರು. ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು, ನನ್ನ ಬಿಸ್ಕತ್ ಪುಡಿಕೆ ಬಿಚ್ಚಲಾಗದ ಒದ್ದಾಟ ನೋಡಿ, ಏನೂ ಕೇಳದೆ ಕಸಿದುಕೊಂಡು ಹಲ್ಲಿನಿಂದ ಹರಿದು ಕೊಟ್ಟಳು. “ತಿನ್ನು ಮಗಾ” ಎಂದಳು, ಅಷ್ಟೇ. ಕೈಗೆ ಏನಾಗಿದೆ ಎಂದು ಕೇಳದ ಮೊದಲ ಜೀವ ಅವಳು.

ಒಳಗಿದ್ದವರು ಬೆಂಗಳೂರು ಕಡೆಯ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ. ಹಿಂದಿನ ಚೀಟಿಗಳ ಕಟ್ಟು ತಿರುವಿಹಾಕುತ್ತಾ ಕೇಳಿದರು.

“ಏನು ಕೆಲಸ ಮಾಡ್ತೀರಾ?”

“ಪೇಂಟರ್ ರಿ.”

“ಮನೆಗಳಿಗೆ ಬಣ್ಣ ಹೊಡೆಯೋದಾ?”

ಈ ಮಾತಿಗೆ ನನಗೆ ಮೊದಲಿಂದಲೂ ಸಿಟ್ಟು. ಅಷ್ಟು ನಿಶ್ಶಕ್ತಿಯಲ್ಲೂ ಬಂತು. “ಅಲ್ರಿ ಮೇಡಮ್ಮಾರ, ಸೀನರಿ. ಶಾಂತಾ, ತೋರ್ಸು” ಎಂದೆ. ಶಾಂತಾ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಡಾಕ್ಟರಮ್ಮ ಬೆರಳಿನಿಂದ ಅದನ್ನು ದೊಡ್ಡದು ಮಾಡಿ ನೋಡಿದರು. ಹೊರಗೆ ಇನ್ನೂ ಅಷ್ಟು ಜನ ಕಾಯುತ್ತಿದ್ದರು, ಅವರಿಗೆ ಚಿತ್ರ ನೋಡುವ ಜರೂರು ಏನೂ ಇರಲಿಲ್ಲ.

“ತುಂಬಾ ಚೆನ್ನಾಗಿದೆ. ಈ ದೋಣಿಯ ಹಗ್ಗ ಇಷ್ಟು ತೆಳ್ಳಗೆ ಹೇಗೆ ಬರೆದ್ರಿ?”

ಕೈ ಜೋತುಬಿದ್ದ ಮೇಲಿನ ಹನ್ನೊಂದು ತಿಂಗಳಲ್ಲಿ ನನ್ನ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ. ಉಬ್ಬಿಹೋದೆ. ಅವರ ಮೇಜಿನ ಮೇಲಿದ್ದ ಪೆನ್ನನ್ನು ಎಡಗೈಯಿಂದ ಎತ್ತಿಕೊಂಡು, ತುಟಿಗಳ ನಡುವೆ ಇಟ್ಟು, ತಿರುವಿ ಎಳೆದು ತೋರಿಸಿದೆ. “ಹಿಂಗ್ರಿ. ತುದಿ ಸೂಜಿ ಆಗ್ತೈತಿ.”

ಅವರು ಮೇಜಿನ ಡ್ರಾಯರ್ ಎಳೆದರು. ಟಾರ್ಚ್ ತೆಗೆದುಕೊಂಡರು.

“ಬಾಯಿ ತೆಗೀರಿ.”

ಒಸಡು ನೋಡಿ ಕುರ್ಚಿಗೆ ಒರಗಿ ಕೂತರು. ಯಾವ ಬಣ್ಣ, ಎಲ್ಲಿಂದ ತರುತ್ತೀರಿ, ಎಷ್ಟು ವರ್ಷದಿಂದ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ರಕ್ತ ತೆಗೆಸಿ ದೂರದ ಲ್ಯಾಬಿಗೆ ಕಳಿಸಿದರು. ಆ ಹಳದಿಯಲ್ಲಿ, ಆ ಸಿಂಧೂರದಲ್ಲಿ ಸೀಸ ಇದೆ, ಅದು ಇಷ್ಟು ವರ್ಷ ನಿಮ್ಮ ಹೊಟ್ಟೆಗೆ ಹೋಗಿ ರಕ್ತದಲ್ಲಿ, ಮೂಳೆಯಲ್ಲಿ ಕೂತಿರಬೇಕು, ಒಸಡಿನ ಕಪ್ಪು ಗೆರೆ ಅದರದೇ ಗುರುತು, ಕೈಯ ನರವನ್ನು ಹಿಡಿದಿರುವುದೂ ಅದೇ ಎಂದರು. ವಾರದ ಮೇಲೆ ಬಂದ ರಿಪೋರ್ಟೂ ಅದನ್ನೇ ಹೇಳಿತು.

ರೋಗಕ್ಕೆ ಹೆಸರು ಸಿಕ್ಕರೆ ಸಮಾಧಾನವಾಗುತ್ತದೆ ಎಂದು ಕೇಳಿದ್ದೆ. ನನಗೆ ಆಗಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು. ನನ್ನ ಕೈಯೇ ನನ್ನ ಬಾಯಿಗೆ ವಿಷ ಇಟ್ಟಿತ್ತು, ಅದೂ ತೋಟದ ಹೂ ಚೆಂದ ಕಾಣಲಿ ಎಂದು.

“ಕೈ ಬರ್ತೈತೇನ್ರಿ?” ಎಂದು ಶಾಂತಾ ಕೇಳಿದಳು.

“ಬರಬಹುದು. ತಿಂಗಳುಗಳು ಬೇಕು. ಪೂರ್ತಿ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ” ಎಂದರು ಡಾಕ್ಟರಮ್ಮ.

ದಾಖಲಾದೆ. ಸೀಸವನ್ನು ಎಳೆದು ಹೊರಹಾಕುವ ಔಷಧವನ್ನು ಗ್ಲೂಕೋಸ್ ಬಾಟಲಿಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದರು. ಅದು ಮೂತ್ರದಲ್ಲಿ ಹೋಗಬೇಕು, ಇಡೀ ದಿನದ ಮೂತ್ರವನ್ನು ಐದು ಲೀಟರಿನ ಕ್ಯಾನಿನಲ್ಲಿ ಕೂಡಿಡಬೇಕು. ಶಾಂತಾ ಆ ಕ್ಯಾನ್ ಹಿಡಿದು ಲ್ಯಾಬಿಗೆ ಹೋಗುವಾಗ ಒಬ್ಬ ಮುದುಕ ತಡೆದು, “ತಂಗಿ, ಚಿಮಣಿ ಎಣ್ಣಿ ಎಲ್ಲಿ ಕೊಡಾಕತ್ತಾರ?” ಎಂದು ಕೇಳಿದನಂತೆ. ಬಂದು ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು. ನಗುತ್ತಲೇ ಅತ್ತಳು.

ಮಂಚದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದಾಗ ಎದೆಯ ಮೇಲಿದ್ದ ಜೋತ ಕೈಯನ್ನೇ ನೋಡುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ನೆನಪಾಯಿತು. ಈ ಕೈಯನ್ನು ನಾನು ಮೊದಲೇ ನೋಡಿದ್ದೇನೆ. ಖಾಸಿಂ ಉಸ್ತಾದರು ಕೊನೆಯ ಎರಡು ವರ್ಷ ಹೀಗೇ ಇದ್ದರು. ಎಡಗೈಯಿಂದ ಬಲ ಮಣಿಕಟ್ಟನ್ನು ಎತ್ತಿ ಹಿಡಿದು ಬರೆಯುತ್ತಿದ್ದರು. ಹೊಟ್ಟೆ ಹಿಡಿದು ಬಗ್ಗಿ ನಡೆಯುತ್ತಿದ್ದರು. ಊರೆಲ್ಲ ಅವರನ್ನು ಕುಡುಕ ಎಂದಿತು. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಎದುರು ಬಂದು ಆಡುವ ಧೈರ್ಯ ಯಾರಿಗೂ ಇರಲಿಲ್ಲ, ಹಿಂದೆ ಆಡಿಕೊಂಡರು. ನಾನೂ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ. ಚಹಾದಂಗಡಿಯಲ್ಲಿ ಕೈಯನ್ನು ಜೋಲಿಬಿಟ್ಟುಕೊಂಡು, ಬಗ್ಗಿ ನಡೆದು, ಉಸ್ತಾದರ ನಕಲು ಮಾಡಿ ನಾಲ್ಕು ಜನರನ್ನು ನಗಿಸಿದ್ದೇನೆ. ಇಪ್ಪತ್ತರ ಹುಡುಗಾಟ ಎಂದು ಈಗ ಹೇಳಿಕೊಳ್ಳಬಹುದು. ಆ ಮಧ್ಯಾಹ್ನ ಹಾಗೆ ಹೇಳಿಕೊಂಡು ನೋಡಿದೆ, ಎದೆ ಹಗುರಾಗಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಮೊದಲು ಹೋದದ್ದು ಗಂಗಾವತಿಗೆ. ಉಸ್ತಾದರ ಹೆಂಡತಿ, ನಾನು ಚಾಚಿ ಎಂದು ಕರೆಯುವವರು, ಅದೇ ಓಣಿಯ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ಕಣ್ಣು ಮಂಜಾಗಿತ್ತು. ನನ್ನ ಕೈಯನ್ನು ಎತ್ತಿ ಮುಟ್ಟಿ ನೋಡಿದರು. ಮಣಿಕಟ್ಟು ಮುಟ್ಟಿದ ಕೂಡಲೇ ಅವರ ಬೆರಳು ನಿಂತವು.

“ಇದು ಅವ್ರ ಕೈಯಿದ್ದಂಗ ಐತಲ್ಲೋ ದೇವು.”

ಎಲ್ಲ ಹೇಳಿದೆ. ಬಣ್ಣದಲ್ಲಿ ಸೀಸ ಇತ್ತು, ಉಸ್ತಾದರಿಗೆ ಆದದ್ದೂ ಇದೇ ಇರಬೇಕು, ಅವರು ಕುಡಿಯುತ್ತಿರಲಿಲ್ಲ ಎಂದೆ.

“ಕುಡೀತಿರ್ಲಿಲ್ಲ ಅಂತ ನನಗ್ ಹೇಳಾಕ ಬಂದಿಯೇನು? ಬಾಜೂಕ ಮಲಗಾಕಿ ನಾನು. ನನಗ ಗೊತ್ತಿರಲಿಲ್ಲೇನು?” ಎಂದರು ಚಾಚಿ. ನನ್ನ ಕೈಯನ್ನು ಕೆಳಗಿಳಿಸಿ, “ಈಗ ಯಾರಿಗ್ ಹೋಗಿ ಹೇಳ್ಲಿ? ಅಂದವ್ರೆಲ್ಲಾ ಸತ್ತ ಹೋಗ್ಯಾರ” ಎಂದರು.

ಎಲ್ಲರೂ ಸತ್ತಿಲ್ಲ, ಒಬ್ಬ ನಿಮ್ಮ ಕಟ್ಟೆಯ ಮೇಲೆ ಕೂತಿದ್ದಾನೆ ಎಂದು ಹೇಳಬೇಕೆಂದೇ ಹೋಗಿದ್ದೆ. ಚಾಚಿ ಚಹಾ ಮಾಡಿಸಿ, ಬಟ್ಟಲನ್ನು ನನ್ನ ಎಡಗೈಗೆ ಕೊಟ್ಟರು. ಕೇಳದೇನೇ ಎಡಗೈಗೆ ಕೊಟ್ಟರು, ರೂಢಿಯಿದ್ದವರ ಹಾಗೆ. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಯಾರಾದರೂ ಓದಿ ಅವರಿಗೆ ಹೇಳಿದರೆ ಹೇಳಲಿ.

ಮನೆಗೆ ಬಂದು ಶೆಡ್ಡಿನ ಪುಡಿ ಡಬ್ಬಿಗಳನ್ನು ಡಾಕ್ಟರಮ್ಮ ಹೇಳಿದಂತೆ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಮಾಡಿದೆವು. ಗೋಡೆ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಒರೆಸಿದವಳು ಶಾಂತಾ, ಬಾಗಿಲಲ್ಲಿ ನಿಂತು ನೋಡಿದವನು ನಾನು. ಇಷ್ಟು ವರ್ಷ ನನ್ನ ಬಣ್ಣದ ಬಟ್ಟೆ ಒಗೆದವಳು, ಬ್ರಷ್ ತೊಳೆದವಳು ಎಂದು ಆಸ್ಪತ್ರೆಯಲ್ಲಿ ಅವಳ ರಕ್ತವನ್ನೂ ನೋಡಿದ್ದರು. ಆ ರಿಪೋರ್ಟಿಗೆ ಕಾದ ದಿನಗಳನ್ನು ಬರೆಯಲಾರೆ. ಸ್ವಲ್ಪ ಇದೆ, ಔಷಧ ಬೇಡ, ಇನ್ನು ಆ ಪುಡಿ ಮುಟ್ಟದಿದ್ದರೆ ಸಾಕು ಎಂದರು. ಅವತ್ತು ದೇವರ ಮುಂದೆ ನಿಂತು ಎಡಗೈ ಒಂದರಲ್ಲೇ ಮುಗಿಯಲು ಹೋದೆ, ಸರಿಯಾಗಲಿಲ್ಲ, ಶಾಂತಾ ಬಲಗೈಯನ್ನು ಎತ್ತಿ ಅದಕ್ಕೆ ಜೋಡಿಸಿದಳು.

ಹೊಟ್ಟೆನೋವು ಹೋಯಿತು. ಬಾಯಿ ರುಚಿ ತಿರುಗಿತು. ಕೈ ಮಾತ್ರ ಜೋತೇ ಇತ್ತು. ಹಲಗೆಯ ಪಟ್ಟಿ ಕಟ್ಟಿಕೊಂಡು, ದಿನಕ್ಕೆ ಮೂರು ಹೊತ್ತು ವ್ಯಾಯಾಮ. ಮೇಜಿನ ಅಂಚಿಗೆ ಕೈ ಇಟ್ಟು, ಏಳು ಎಂದು ಮನಸ್ಸಿನಲ್ಲಿ ಹೇಳುವುದು. ಅದು ಏಳುವುದಿಲ್ಲ. ಬೈದೆ, ಬೇಡಿದೆ, ಅದಕ್ಕೆ ಕಿವಿಯೇ ಇರಲಿಲ್ಲ. ಎರಡು ತಿಂಗಳು, ನಾಲ್ಕು ತಿಂಗಳು. ಗ್ಯಾರೇಜಿಗೆ ಬರುವ ಹೊಸ ಟ್ರಾಲಿಗಳಿಗೆ ಈಗ ಯಂತ್ರದಲ್ಲಿ ಕತ್ತರಿಸಿದ ಸ್ಟಿಕ್ಕರ್ ಅಂಟಿಸಿ ಕಳಿಸುತ್ತಿದ್ದರು. ಅದರಲ್ಲೂ ಸಮುದ್ರ, ಅದರಲ್ಲೂ ಮನೆ. ನಾನು ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರುತ್ತಿದ್ದೆ.

ಐದನೆಯ ತಿಂಗಳು ರಾಯರು ಗಾಲಿ ರಿಪೇರಿಗೆ ಟ್ರಾಲಿ ತಂದು ನಿಲ್ಲಿಸಿದರು. ಅವರ ಸೀನರಿಯ ಮೇಲೆ ಎರಡು ಬೆಳೆಯ ಧೂಳು ಕೂತಿತ್ತು. ಶಾಂತಾ ಒದ್ದೆ ಬಟ್ಟೆಯಿಂದ ಒರೆಸಿದಳು. ಹೂಗಳು ಹಾಗೇ ಹೊಳೆಯುತ್ತಿದ್ದವು. ನಾನು ಆ ಹಳದಿಯನ್ನು ಹೆಚ್ಚು ಹೊತ್ತು ನೋಡಲಿಲ್ಲ.

“ಕುಂದ್ರಿ ಇದರ ಮುಂದ. ಬರ್ಯೋದ ಬ್ಯಾಡ, ಬ್ರಷ್ಷರ ಹಿಡಕೋರಿ. ಮನಿಯೊಳಗ ಮುಖ ಮುಚ್ಚಿಕೊಂಡು ಕುಂತ್ರ ನನಗ ನೋಡಾಕ ಆಗವಲ್ದು” ಎಂದಳು.

ಕೂತೆ. ಅವಳು ಹೊಸ ಬ್ರಷ್ ತಂದಳು. ಸೀಸವಿಲ್ಲ ಎಂದು ಬರೆದಿದ್ದ ಡಬ್ಬಿಯ ಕಂದುಗೆಂಪು ಬಣ್ಣ ತಂದಳು. ಪಟ್ಟಿ ಬಿಚ್ಚಿ, ಬ್ರಷ್ಷನ್ನು ನನ್ನ ಬಲಗೈ ಬೆರಳುಗಳ ನಡುವೆ ಸಿಕ್ಕಿಸಿ, ತೋಳು ಹಿಡಿದು ಡಬ್ಬಿಯಲ್ಲಿ ಅದ್ದಿಸಿದಳು. ಆಮೇಲೆ ತೋಳು ಬಿಟ್ಟು ಡಬ್ಬಿ ಕೆಳಗಿಡಲು ಬಗ್ಗಿದಳು. ನಾನು ಸೂರಿಲ್ಲದ ಮನೆಯನ್ನು ನೋಡುತ್ತಿದ್ದೆ. ಎಡ ಮೂಲೆಯಿಂದ ಶುರುಮಾಡಬೇಕು, ಮೊದಲ ಸಾಲಿನ ಹೆಂಚು ಕೆಳಗೆ ಬರಬೇಕು, ತುದಿ ತೆಳ್ಳಗಿರಬೇಕು ಎಂದು ಯೋಚನೆ ಓಡುತ್ತಿತ್ತು. ಕೈಯ ಮೇಲೆ ನಿಗಾ ಇರಲಿಲ್ಲ.

ಚಟೀರ್ ಎಂದು ಏಟು ಬಿತ್ತು. ಬ್ರಷ್ ಹಾರಿ ಮಣ್ಣಿನಲ್ಲಿ ಬಿತ್ತು.

“ಮತ್ತ ಬಾಯಿಗೆ ಒಯ್ತೀರಲ್ರೀ! ನಿಮಗೇನ್ ಬುದ್ಧಿ ಐತೋ ಇಲ್ಲೋ!” ಶಾಂತಾ ಹೆದರಿ ಕಿರುಚುತ್ತಿದ್ದಳು. ಕಿರುಚುತ್ತಾ ಕಿರುಚುತ್ತಾ ನಿಂತಳು. ನನ್ನ ಕೈ ನೋಡಿದಳು. ಮುಖ ನೋಡಿದಳು.

“ಎತ್ತಿದ್ರಿ.”

“ಏನು?”

“ಕೈರೀ. ಮಣಿಕಟ್ಟು. ಎತ್ತಿದ್ರಿ ನೀವು.”

ಕೈ ಆಗಲೇ ಜೋತುಬಿದ್ದಿತ್ತು. ಎತ್ತಲು ನೋಡಿದೆ. ಏಳು ಎಂದೆ, ಎಷ್ಟೋ ತಿಂಗಳಿಂದ ಹೇಳಿದ ಹಾಗೆ. ಏಳಲಿಲ್ಲ. ಮತ್ತೆ ನೋಡಿದೆ. ಇಲ್ಲ. ನಿನಗೆ ಭ್ರಮೆ ಎಂದೆ. ಅವಳು ಕಣ್ಣು ಒರೆಸಿಕೊಂಡು, ಬ್ರಷ್ ಎತ್ತಿ ತೊಳೆದು ತಂದು, ಮತ್ತೆ ಬಣ್ಣದಲ್ಲಿ ಅದ್ದಿ ನನ್ನ ಬೆರಳುಗಳ ನಡುವೆ ಇಟ್ಟಳು.

“ಕೈಗೆ ಏನೂ ಹೇಳಬ್ಯಾಡ್ರಿ. ತುದಿ ಮಾಡ್ರಿ, ಮೊದಲ ಮಾಡ್ತಿದ್ರಲ್ಲ, ಹಂಗ” ಎಂದಳು. ಹೇಳಿ, ತನ್ನ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಒತ್ತಿ ಹಿಡಿದಳು.

ಅವಳ ಕೈ ಸಾಬೂನಿನ ವಾಸನೆ ಹೊಡೆಯುತ್ತಿತ್ತು. ಆ ಕೈಯ ಹಿಂದೆ ನನ್ನ ತುಟಿಗಳು ಮುಚ್ಚಿದ್ದವು. ನಾನು ಮನೆಯ ಎಡ ಮೂಲೆಯನ್ನು ನೋಡಿದೆ, ಮೊದಲ ಹೆಂಚನ್ನು ನೆನೆದೆ. ಮಣಿಕಟ್ಟು ಮೆಲ್ಲಗೆ ಎದ್ದಿತು. ಪೂರ್ತಿಯಲ್ಲ, ಬ್ರಷ್ ಬಾಯಿಯ ತನಕ ಬರುವಷ್ಟು. ಅದರ ತುದಿ ಅವಳ ಕೈಯ ಬೆನ್ನಿಗೆ ತಾಗಿ ನಿಂತಿತು.

ಈಗಲೂ ದಿನಕ್ಕೆ ಮೂರು ಹೊತ್ತು ನಮ್ಮ ವ್ಯಾಯಾಮ ಅದೇ. ರಾಯರ ಟ್ರಾಲಿ ಬಂದಾಗಲೆಲ್ಲ ಒಂದೊಂದರಂತೆ ಆ ಮನೆಗೆ ಇದುವರೆಗೆ ಏಳು ಹೆಂಚು ಬಿದ್ದಿವೆ. ಉಳಿದದ್ದು ಬೀಳುತ್ತದೋ ಇಲ್ಲವೋ ಡಾಕ್ಟರಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪ್ರತಿ ಸಲವೂ ಕೈ ಮೊದಲು ಹುಡುಕುವುದು ನನ್ನ ಬಾಯಿಯನ್ನೇ, ಪ್ರತಿ ಸಲವೂ ಶಾಂತಾ ಅಲ್ಲಿ ತನ್ನ ಕೈ ಇಟ್ಟಿರುತ್ತಾಳೆ. ಅವಳ ಕೈಬೆನ್ನಿನ ಮೇಲಿನ ಕೆಂಪು ಚುಕ್ಕೆಗಳು ರೊಟ್ಟಿ ಬಡಿಯುವ ಹೊತ್ತಿಗೂ ಪೂರ್ತಿ ಹೋಗಿರುವುದಿಲ್ಲ.